ಡಿಫರೆನ್ಷಿಯಲ್ ಈಕ್ವೇಶನ್ ಸಾಲ್ವರ್ ಅಡ್ಡಾದಿಡ್ಡಿ ಉತ್ತರ ಕೊಡ್ತಿದ್ರೆ ಎಲ್ಲಿಂದ ಹುಡುಕ್ಬೇಕು

ಇನಿಷಿಯಲ್ ವ್ಯಾಲ್ಯೂ ಪ್ರಾಬ್ಲಮ್ ಅಂದ್ರೆ ಶುರುವಲ್ಲಿ ಎಷ್ಟಿದೆ ಅಂತ ಗೊತ್ತು, ಪ್ರತಿ ಕ್ಷಣ ಎಷ್ಟು ವೇಗದಲ್ಲಿ ಬದಲಾಗತ್ತೆ ಅಂತ ಈಕ್ವೇಶನ್ ಹೇಳತ್ತೆ, ಮುಂದಕ್ಕೆ ಎಷ್ಟಾಗತ್ತೆ ಅಂತ ಕಂಡುಹಿಡೀಬೇಕು, ಅಷ್ಟೇ. ಇದನ್ನ ಕಂಪ್ಯೂಟರಲ್ಲಿ ಮಾಡೋವಾಗ ಕೆಡೋ ಜಾಗ ಮೂರು. ಕೋಡ್ ತಪ್ಪಿರತ್ತೆ, ಇಲ್ಲ ಕೋಡ್ ಸರಿ ಇದ್ದು ಮೆಥಡ್ ಆ ಈಕ್ವೇಶನ್‌ಗೆ ಒಗ್ಗಲ್ಲ, ಇಲ್ಲಾಂದ್ರೆ ಈಕ್ವೇಶನ್ನೇ ತಕರಾರಿನದ್ದು. ಜನ ಏನ್ ಮಾಡ್ತಾರೆ ಅಂದ್ರೆ ಉತ್ತರ ಸರಿ ಬರ್ಲಿಲ್ಲ ಅಂದ ತಕ್ಷಣ ಮೆಥಡ್ ಬದಲಾಯಿಸೋಕೆ ಹೊರಡ್ತಾರೆ, ಆಯ್ಲರ್ (ಈ ಕ್ಷಣದ ವೇಗವನ್ನೇ ನಂಬಿ ಹೆಜ್ಜೆ ಇಡೋ ಅತಿ ಸರಳ ಮೆಥಡ್) ಬಿಟ್ಟು ಆರ್‌ಕೆ4 (ರುಂಗೆ-ಕುಟ್ಟಾ, ಪ್ರತಿ ಹೆಜ್ಜೆಗೆ ನಾಲ್ಕು ಸಲ ವೇಗ ನೋಡೋದು), ಅದೂ ಬಿಟ್ಟು ಇನ್ಯಾವ್ದೋ ಲೈಬ್ರರಿ. ಕೋಡಲ್ಲಿ ಮೈನಸ್ ಸೈನ್ ಬಿಟ್ಟು ಹೋಗಿರೋವಾಗ ಇದು ಹೊಟ್ಟೆನೋವಿಗೆ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ. ಆರ್‌ಕೆ4 ಹಾಕಿದ್ರೆ ಆ ತಪ್ಪು ಈಕ್ವೇಶನ್ನೇ ಇನ್ನೂ ನಿಖರವಾಗಿ ಸಾಲ್ವ್ ಆಗತ್ತೆ, ಬೇರೇನಿಲ್ಲ.

ಹಾಗಾಗಿ ಮೊದಲು ಮೂರರಲ್ಲಿ ಯಾವ್ದು ಅಂತ ಗೊತ್ತು ಮಾಡ್ಕೋಬೇಕು. ಅದಕ್ಕೆ ನನಗೆ ಗೊತ್ತಿರೋ ಅತ್ಯಂತ ಅಗ್ಗದ ಪರೀಕ್ಷೆ ಸ್ಟೆಪ್ ಸೈಜ್ (ಒಂದೊಂದು ಸಲ ಟಿಯಲ್ಲಿ ಮುಂದಕ್ಕಿಡೋ ಹೆಜ್ಜೆಯ ಉದ್ದ, ಎಚ್ ಅಂತ ಬರೀತಾರೆ) ಅರ್ಧ ಮಾಡಿ ನೋಡೋದು.

ಎಚ್ ಅರ್ಧ ಮಾಡಿ, ಎರರ್ ಎಷ್ಟು ಇಳೀತು ನೋಡಿ

ಉತ್ತರ ಮೊದಲೇ ಗೊತ್ತಿರೋ ಈಕ್ವೇಶನ್ ಒಂದನ್ನ ನಿಮ್ಮ ಕೋಡಿಗೆ ಕೊಡಿ. ವೈ' = ವೈ, ವೈ(0) = 1 ತಗೊಳ್ಳಿ (ವೈ' ಅಂದ್ರೆ ವೈ ಬದಲಾಗೋ ವೇಗ, ಟಿ ಅಂದ್ರೆ ಸಮಯ), ಟಿ = 1ರಲ್ಲಿ ಉತ್ತರ 2.71828 ಬರ್ಬೇಕು. ಆಯ್ಲರ್‌ನಲ್ಲಿ ಎಚ್ = 0.1 ಇಟ್ರೆ 2.5937 ಬರತ್ತೆ, ಎರರ್ 0.1245. ಎಚ್ = 0.05 ಮಾಡಿದ್ರೆ 2.6533, ಎರರ್ 0.065. ಅಂದ್ರೆ ಎಚ್ ಅರ್ಧ ಆದಾಗ ಎರರ್ರೂ ಹೆಚ್ಚುಕಮ್ಮಿ ಅರ್ಧ ಆಯ್ತು, ಆಯ್ಲರ್ ಫಸ್ಟ್ ಆರ್ಡರ್ ಅಂತ ಹೇಳೋದು ಇದಕ್ಕೇ. ಆರ್‌ಕೆ4 ಆದ್ರೆ ಎಚ್ = 0.1ಕ್ಕೇ 2.7182797 ಬರತ್ತೆ, ಎರರ್ ಸುಮಾರು 0.000002, ಎಚ್ ಅರ್ಧ ಮಾಡಿದ್ರೆ ಎರರ್ ಹದಿನೈದು ಹದಿನಾರು ಪಟ್ಟು ಇಳೀಬೇಕು.

ಈ ಇಳಿಯೋ ಪಟ್ಟನ್ನ ನೋಡಿದ್ರೆ ಅರ್ಧ ಕಾಯಿಲೆ ಗೊತ್ತಾಗತ್ತೆ. ಆರ್‌ಕೆ4 ಅಂತ ಬರೆದಿದ್ದೀರ ಆದ್ರೆ ಎರರ್ ಬರೀ ಎರಡು ಪಟ್ಟು ಇಳೀತಿದೆ ಅಂದ್ರೆ ನಿಮ್ಮ ನಾಲ್ಕು ಕೆ-ಗಳಲ್ಲಿ (ಪ್ರತಿ ಸ್ಟೆಪ್ಪಲ್ಲಿ ಲೆಕ್ಕ ಹಾಕೋ ನಾಲ್ಕು ವೇಗಗಳು, ಕೆ1ರಿಂದ ಕೆ4) ಎಲ್ಲೋ ಒಂದು ಕೆಟ್ಟಿದೆ, ಉತ್ತರ ನೋಡೋಕೆ ಚೆನ್ನಾಗೇ ಇದ್ರೂ ಸಹ. ಇಳೀತಾನೇ ಇಲ್ಲ, ಒಂದು ಕಡೆ ಬಂದು ನಿಂತುಬಿಡತ್ತೆ ಅಂದ್ರೆ ನೀವು ಬೇರೆ ಯಾವ್ದೋ ಈಕ್ವೇಶನ್ ಸಾಲ್ವ್ ಮಾಡ್ತಿದ್ದೀರ, ಕೋಡಲ್ಲಿ ಈಕ್ವೇಶನ್ ಬರೆದಿರೋ ಲೈನ್ ನೋಡಿ. ಎಚ್ ಸಣ್ಣದು ಮಾಡ್ದಷ್ಟೂ ಉತ್ತರ ದೊಡ್ಡದಾಗ್ತಾ ಹೋದ್ರೆ ಅದು ಈಕ್ವೇಶನ್ನಿನ ತಕರಾರು, ಅದಕ್ಕೆ ಕೊನೇಲಿ ಬರ್ತೀನಿ. ಪಟ್ಟು ಸರಿಯಾಗೇ ಬರ್ತಿದೆ ಆದ್ರೆ ನಿಮ್ಮ ನಿಜವಾದ ಈಕ್ವೇಶನ್‌ಗೆ ಮಾತ್ರ ಉತ್ತರ ಕುಣಿದಾಡ್ತಿದೆ ಅಂದ್ರೆ ಆಗ, ಆಗ ಮಾತ್ರ, ಮೆಥಡ್ ಬದಲಾಯಿಸೋ ಮಾತು.

ಈ ಪರೀಕ್ಷೆಗೂ ಒಂದು ಕುರುಡು ಜಾಗ ಇದೆ. ವೈ' = ವೈ ಅನ್ನೋ ಈಕ್ವೇಶನ್ನಲ್ಲಿ ಟಿ ಇಲ್ವೇ ಇಲ್ಲ. ಹಾಗಾಗಿ ಕೆ2, ಕೆ3 ಲೆಕ್ಕ ಹಾಕೋವಾಗ ಟಿ + ಎಚ್/2 ಹಾಕೋ ಬದಲು ಬರೀ ಟಿ ಹಾಕಿದ್ರೆ (ಆರ್‌ಕೆ4ನಲ್ಲಿ ತುಂಬಾ ಕಾಣೋ ತಪ್ಪು) ಈ ಟೆಸ್ಟಲ್ಲಿ ಸಿಗಲ್ಲ. ಟಿ ಇರೋ ಈಕ್ವೇಶನ್ ಬೇಕು. ಸರಿ ಅಂತ ವೈ' = −2·ಟಿ·ವೈ ತಗೊಳ್ತಾರೆ, ಅದ್ರಲ್ಲೂ ಒಂದು ಮೋಸ ಇದೆ, ಟಿ ಮತ್ತು ವೈ ಅದಲುಬದಲಾದ್ರೂ ಗುಣಾಕಾರ ಅದೇ ಬರತ್ತೆ. ನಾನು ವೈ' = ಟಿ − ವೈ, ವೈ(0) = 1 ಬಳಸಿ ಅಂತೀನಿ. ಇದರ ಉತ್ತರ ಟಿ − 1 ಪ್ಲಸ್ ಎರಡು ಸಲ ಇ-ಟು-ದ-ಮೈನಸ್-ಟಿ, ಟಿ = 1ರಲ್ಲಿ 0.7358. ಫಂಕ್ಷನ್ ಆರ್ಗ್ಯುಮೆಂಟ್ (ಅದಕ್ಕೆ ಕೊಡೋ ಟಿ, ವೈ) ಉಲ್ಟಾ ಹೋಗಿದ್ರೆ ಅದು ವೈ' = ವೈ − ಟಿ ಆಗತ್ತೆ, ಅದರ ಉತ್ತರ ನೆಟ್ಟಗೆ ಟಿ + 1 ಅನ್ನೋ ಸರಳರೇಖೆ, ಟಿ = 1ರಲ್ಲಿ 2. ಗ್ರಾಫಲ್ಲಿ ಸ್ಕೇಲಿಟ್ಟು ಎಳೆದ ಹಾಗೆ ಗೆರೆ ಬಂತಾ, ಆರ್ಗ್ಯುಮೆಂಟ್ ಉಲ್ಟಾ ಅಂತ ಕಣ್ಮುಚ್ಚಿ ಹೇಳ್ಬಹುದು.

ಇದು ಪೈಥಾನಿನ ಸೈಪೈ ಲೈಬ್ರರಿಯಲ್ಲಿ ಪದೇ ಪದೇ ಆಗೋದು ಯಾಕಂದ್ರೆ ಅಲ್ಲಿ ಎರಡು ಸಾಲ್ವರ್ ಎರಡು ಥರ ಕೇಳ್ತವೆ. ಹಳೇ ಓಡಿಇಂಟ್‌ಗೆ ವೈ ಮೊದಲು ಟಿ ಆಮೇಲೆ, 2017ರಲ್ಲಿ ಸೈಪೈ 1.0 ಜೊತೆ ಬಂದ ಸಾಲ್ವ್_ಐವಿಪಿಗೆ ಟಿ ಮೊದಲು ವೈ ಆಮೇಲೆ. ಒಂದು ಕಡೆಯಿಂದ ಫಂಕ್ಷನ್ ಕಾಪಿ ಮಾಡಿ ಇನ್ನೊಂದಕ್ಕೆ ಕೊಟ್ರೆ ಒಂದೇ ಈಕ್ವೇಶನ್ ಇದ್ದಾಗ ಎರರ್ ಮೆಸೇಜ್ ಕೂಡ ಬರಲ್ಲ, ಸುಮ್ನೆ ತಪ್ಪು ಉತ್ತರ ಬರತ್ತೆ. ಓಡಿಇಂಟ್‌ಗೆ ಟಿಫಸ್ಟ್ ಅನ್ನೋದನ್ನ ಟ್ರೂ ಮಾಡಿದ್ರೆ ಎರಡೂ ಒಂದೇ ಥರ ಆಗತ್ತೆ.

ಕೊನೇ ಸ್ಟೆಪ್ ಒಂದು ಜಾಸ್ತಿ

ಎರರ್ ಪಟ್ಟು ಒಂದ್ಸಲ 2, ಇನ್ನೊಂದ್ಸಲ 0.7, ಮತ್ತೊಂದ್ಸಲ 5 ಅಂತ ಹುಚ್ಚುಚ್ಚಾಗಿ ಬರ್ತಿದ್ರೆ ಮೆಥಡ್ ನೋಡೋಕೆ ಹೋಗ್ಬೇಡಿ, ಲೂಪ್ ಎಲ್ಲಿ ನಿಂತಿದೆ ನೋಡಿ. ಟಿ ಒಂದಕ್ಕಿಂತ ಕಮ್ಮಿ ಇರೋ ತನಕ ಓಡು ಅಂತ ವೈಲ್ ಲೂಪ್ ಬರೆದು ಪ್ರತಿ ಸಲ 0.1 ಕೂಡಿಸಿದ್ರೆ ಹತ್ತು ಸಲ ಕೂಡಿಸಿದ ಮೇಲೆ ಟಿ 1 ಆಗಿರಲ್ಲ, 0.9999999999999999 ಆಗಿರತ್ತೆ, ಯಾಕಂದ್ರೆ ಬೈನರೀಲಿ 0.1 ಪೂರ್ತಿ ಕೂರಲ್ಲ. ಲೂಪ್ ಇನ್ನೊಂದು ಸುತ್ತು ಓಡತ್ತೆ, ನೀವು ಟಿ = 1.1ರ ಉತ್ತರವನ್ನ ಟಿ = 1ರದ್ದು ಅಂತ ಓದ್ತೀರ. ಮೇಲಿನ ಆಯ್ಲರ್ ಉದಾಹರಣೇಲಿ ಹೀಗಾದ್ರೆ 2.5937 ಬದಲು 2.8531 ಬರತ್ತೆ. ನೋಡೋಕೆ 2.718ಕ್ಕೆ ಹತ್ರಾನೇ ಇದೆ, ಪರವಾಗಿಲ್ಲ ಅನ್ಸತ್ತೆ, ಆದ್ರೆ ಮೇಲಕ್ಕೆ ಬಾಗೋ ಕರ್ವ್‌ಗೆ ಆಯ್ಲರ್ ಯಾವಾಗ್ಲೂ ಕೆಳಗೇ ಇರ್ಬೇಕು, ಮೇಲೆ ಬಂದಿದೆ ಅಂದ್ರೇನೇ ಏನೋ ಎಡವಟ್ಟು. ಸ್ಟೆಪ್ ಎಷ್ಟು ಅಂತ ಪೂರ್ಣಾಂಕದಲ್ಲಿ ಫಿಕ್ಸ್ ಮಾಡಿ ಫಾರ್ ಲೂಪ್ ಹಾಕಿ, ಟಿಯನ್ನ ಐ ಗುಣಿಸು ಎಚ್ ಅಂತ ತಗೊಳ್ಳಿ, ಕೂಡಿಸ್ತಾ ಹೋಗ್ಬೇಡಿ.

ಬಿಸಿನೀರು ಸರಳರೇಖೇಲಿ ತಣ್ಣಗಾಗ್ತಿದೆ

ಇದು ಪೈಥಾನಲ್ಲಿ ನಂಪೈ ಲೈಬ್ರರಿ ಬಳಸೋರಿಗೆ. ನ್ಯೂಟನ್ ಕೂಲಿಂಗ್ ಲಾ ತಗೊಳ್ಳಿ, 100 ಡಿಗ್ರಿ ನೀರು, ರೂಮ್ 25 ಡಿಗ್ರಿ, ನಿಮಿಷಕ್ಕೆ 0.1 ಅಂತ ಕಾನ್‌ಸ್ಟಂಟ್, ಎಚ್ = 0.1 ನಿಮಿಷ. ಉತ್ತರ ಬಾಗಿದ ಕರ್ವ್ ಆಗಿರ್ಬೇಕು, ಮೊದಲು ಬೇಗ ಇಳಿದು ಆಮೇಲೆ ನಿಧಾನ. ಬಂದಿರೋದು ಮಾತ್ರ ಇಳಿಜಾರಿನ ನೇರ ಗೆರೆ, 100ರಿಂದ ಶುರುವಾಗಿ ಏಳೂವರೆ ನಿಮಿಷಕ್ಕೆ ಕರೆಕ್ಟಾಗಿ 25ಕ್ಕೆ ಬಂದು ಅಲ್ಲೇ ನಿಂತುಬಿಟ್ಟಿದೆ. ರೂಮ್ ಟೆಂಪರೇಚರಿಗೇ ಬಂದು ನಿಂತಿರೋದ್ರಿಂದ ರೆಕಾರ್ಡ್ ಬುಕ್ಕಲ್ಲಿ ಸೀದಾ ಟಿಕ್ ಬಿದ್ದರೂ ಆಶ್ಚರ್ಯ ಇಲ್ಲ.

ಆಗಿರೋದು ಏನು ಅಂದ್ರೆ ಶುರುವಿನ ಬೆಲೆಯನ್ನ 100 ಅಂತ ಬರೆದಿದ್ದಾರೆ, 100.0 ಅಂತ ಅಲ್ಲ, ಆಮೇಲೆ ಜೀರೋಸ್_ಲೈಕ್ ಬಳಸಿ ಅದೇ ಥರದ ಅರೇ ಮಾಡಿದ್ದಾರೆ. ಅದು ಇಂಟಿಜರ್ ಅರೇ ಆಗತ್ತೆ. ಮೊದಲ ಸ್ಟೆಪ್‌ನಲ್ಲಿ 99.25 ಬರತ್ತೆ, ಅರೇ ಒಳಗೆ ಹೋಗೋವಾಗ ದಶಾಂಶ ಕತ್ತರಿಸಿ 99 ಆಗತ್ತೆ. ಮುಂದಿನದು 98.26, ಅದು 98. ಹೀಗೆ ನೀರು ಎಷ್ಟೇ ಬಿಸಿ ಇರ್ಲಿ ಪ್ರತಿ ಸ್ಟೆಪ್ಪಿಗೂ ಕರೆಕ್ಟಾಗಿ ಒಂದು ಡಿಗ್ರಿ ಇಳಿಯತ್ತೆ, 26ರಲ್ಲಿದ್ದಾಗ 25.99 ಬಂದ್ರೂ 25 ಆಗತ್ತೆ. 75 ಡಿಗ್ರಿ, 75 ಸ್ಟೆಪ್, 7.5 ನಿಮಿಷ. ನಿಜಕ್ಕೂ ಆ ಹೊತ್ತಲ್ಲಿ ನೀರು 60.4 ಡಿಗ್ರಿ ಇರ್ಬೇಕಿತ್ತು. ವಾರ್ನಿಂಗ್ ಏನೂ ಬರಲ್ಲ. ಅರೇಯ ಡಿಟೈಪ್ (ಒಳಗಿರೋ ನಂಬರುಗಳು ಯಾವ ಥರದ್ದು ಅನ್ನೋದು) ಪ್ರಿಂಟ್ ಮಾಡಿ ನೋಡಿ, ಇಂಟ್64 ಅಂತ ಇದ್ರೆ ಸಿಕ್ತು ಕಳ್ಳ. ಡಿಟೈಪ್ ಫ್ಲೋಟ್ ಅಂತ ಹಾಕಿ.

ಇದರ ಅಣ್ಣ ಸಿ ಲ್ಯಾಂಗ್ವೇಜಲ್ಲಿದ್ದಾನೆ. ಆರ್‌ಕೆ4ರ ಕೊನೇ ಲೈನಲ್ಲಿ 1/6 ಗುಣಿಸು ಎಚ್ ಅಂತ ಬರೆದ್ರೆ 1/6 ಇಂಟಿಜರ್ ಭಾಗಾಕಾರ ಆಗಿ ಸೊನ್ನೆ, ಉತ್ತರ ಶುರುವಿನ ಬೆಲೆಯಿಂದ ಒಂದಿಂಚೂ ಅಲ್ಲಾಡಲ್ಲ. 1.0/6.0 ಅಂತ ಬರೀರಿ. ಪೈಥಾನ್ 3ರಲ್ಲಿ ಇದಿಲ್ಲ.

ಪೆಂಡುಲಮ್ 31ರ ಸುತ್ತ ತೂಗ್ತಿದೆ, ಮತ್ತೆ ಸ್ಪ್ರಿಂಗ್ ನಿಲ್ತಾನೇ ಇಲ್ಲ

30 ಡಿಗ್ರಿಯಿಂದ ಬಿಟ್ಟ ಪೆಂಡುಲಮ್ ಸೊನ್ನೆಯ ಆಕಡೆ ಈಕಡೆ ತೂಗ್ಬೇಕು. ಗ್ರಾಫಲ್ಲಿ 30ಕ್ಕೂ ಸುಮಾರು 32.8ಕ್ಕೂ ಮಧ್ಯ ತೂಗ್ತಿದ್ರೆ ಡಿಗ್ರಿಯನ್ನ ರೇಡಿಯನ್ ಅಂತ ಕೊಟ್ಟಿದ್ದೀರ. 30 ರೇಡಿಯನ್ ಹತ್ರ ಇರೋ ನೇತಾಡೋ ಜಾಗ ಹತ್ತು ಪೈ, ಅಂದ್ರೆ 31.4, ಅದರ ಸುತ್ತಾನೇ ತೂಗತ್ತೆ ಪಾಪ, ಸಾಲ್ವರ್ ತಪ್ಪಲ್ಲ. ಸರಿ ಮಾಡಿದ ಮೇಲೆ ಪೀರಿಯಡ್ ಅಳೆದು ನೋಡಿ, ಒಂದು ಮೀಟರ್ ಉದ್ದಕ್ಕೆ 2.04 ಸೆಕೆಂಡ್ ಬರ್ಬೇಕು. ಪುಸ್ತಕದ ಫಾರ್ಮುಲಾದಲ್ಲಿ 2.006 ಬರತ್ತಲ್ಲ ಅಂತ ಗಾಬರಿ ಆಗ್ಬೇಡಿ, ಅದು ಸಣ್ಣ ಕೋನಕ್ಕೆ, 30 ಡಿಗ್ರಿಗೆ ಎರಡು ಪರ್ಸೆಂಟ್ ಹತ್ರ ಜಾಸ್ತಿ ಆಗೋದೇ ಸರಿ.

ಸ್ಪ್ರಿಂಗಿಗೆ ಕಟ್ಟಿದ ತೂಕದ್ದು ಬೇರೆ ಕಥೆ. ಘರ್ಷಣೆ ಇಲ್ಲ, ಎನರ್ಜಿ ಹಾಗೇ ಇರ್ಬೇಕು, ಆದ್ರೆ ಗ್ರಾಫ್ ಅಗಲ ಆಗ್ತಾ ಆಗ್ತಾ ಹೋಗತ್ತೆ. ಇಲ್ಲಿ ಕೋಡ್ ಸರಿ ಇರ್ಬಹುದು, ಆಯ್ಲರ್‌ನ ಗುಣವೇ ಅದು. ಎಕ್ಸ್'' = −ಎಕ್ಸ್ ಗೆ ಆಯ್ಲರ್ ಪ್ರತಿ ಸ್ಟೆಪ್ಪಲ್ಲೂ ಎನರ್ಜಿಯನ್ನ 1 + ಎಚ್² ಪಟ್ಟು ಏರಿಸತ್ತೆ. ಎಚ್ = 0.01 ಇಟ್ರೆ 10 ಸೆಕೆಂಡಿಗೆ ಹತ್ತೂವರೆ ಪರ್ಸೆಂಟ್ ಎನರ್ಜಿ ಎಲ್ಲಿಂದಲೋ ಬಂದುಬಿಡತ್ತೆ, 100 ಸೆಕೆಂಡಿಗೆ 2.7 ಪಟ್ಟು. ವಾಸಿ ಮಾಡೋದು ಸುಲಭ, ಮೊದಲು ವೇಗ ಅಪ್‌ಡೇಟ್ ಮಾಡಿ, ಆ ಹೊಸ ವೇಗವನ್ನೇ ಬಳಸಿ ಜಾಗ ಅಪ್‌ಡೇಟ್ ಮಾಡಿ, ಎನರ್ಜಿ ಒಂದು ಮಿತಿಯೊಳಗೆ ಏರಿಳಿದುಕೊಂಡು ಇರತ್ತೆ. ತಮಾಷೆ ಏನಂದ್ರೆ ಇದೇ ಅದಲುಬದಲು ಆರ್‌ಕೆ4 ಒಳಗೆ ಆದ್ರೆ ಅದು ತಪ್ಪು, ಅಲ್ಲಿ ಎಕ್ಸ್‌ನ ನಾಲ್ಕೂ ಕೆ ಮುಗಿಸಿ ಎಕ್ಸ್ ಬದಲಾಯಿಸಿಬಿಟ್ಟು ಆಮೇಲೆ ವೇಗದ ಕೆಗಳಿಗೆ ಹೋದ್ರೆ ಫೋರ್ತ್ ಆರ್ಡರ್ ಹೋಗಿ ಫಸ್ಟ್ ಆರ್ಡರ್ ಆಗತ್ತೆ. ಕೆ1 ಎರಡಕ್ಕೂ, ಕೆ2 ಎರಡಕ್ಕೂ, ಹಾಗೆ ಹೋಗ್ಬೇಕು. ಇಡೀ ಸಿಸ್ಟಮನ್ನ ಒಂದೇ ಅರೇ ಮಾಡ್ಕೊಂಡ್ರೆ ಈ ತಪ್ಪು ಮಾಡೋಕೆ ಜಾಗಾನೇ ಸಿಗಲ್ಲ.

ಪ್ಲಸ್, ಮೈನಸ್, ಪ್ಲಸ್, ಮೈನಸ್ ಅಂತ ಕುಣಿದು ಮೇಲೇರ್ತಿದೆ

ವೈ' = −50·ವೈ, ವೈ(0) = 1, ಕ್ಷಣದಲ್ಲಿ ಸೊನ್ನೆಗೆ ಇಳಿಯೋ ಪಾಪದ ಈಕ್ವೇಶನ್. ಆಯ್ಲರ್, ಎಚ್ = 0.1. ಬರೋದು 1, −4, 16, −64, 256. ಪ್ರತಿ ಸ್ಟೆಪ್ಪಲ್ಲಿ 1 − 50·ಎಚ್ ನಿಂದ ಗುಣಿಸ್ತಿದ್ದೀವಿ, ಅದು ಇಲ್ಲಿ −4. ಅದರ ಗಾತ್ರ ಒಂದಕ್ಕಿಂತ ಕಮ್ಮಿ ಇರ್ಬೇಕಂದ್ರೆ ಎಚ್ 0.04ಕ್ಕಿಂತ ಕಮ್ಮಿ ಇರ್ಬೇಕು. ಹೀಗೆ ಸ್ಟೆಪ್ಪಿಗೊಂದು ಸಲ ಸೈನ್ ಬದಲಾಗಿ ಬೆಳೆಯೋದು ಸ್ಟೆಬಿಲಿಟಿ ಕಾಯಿಲೆಯ ಮಾಮೂಲಿ ಗುರುತು. ಎಚ್ ಒಂದು ಗೆರೆಯಿಂದ ಕೆಳಗಿಳಿಸಿದ ತಕ್ಷಣ ಮಾಯ ಆದ್ರೆ ಖಚಿತ.

ಇದೇ ಗುರುತು, ಆದ್ರೆ ಎಚ್ ಇಳಿಸಿದ್ರೂ ಹೋಗ್ದೆ ದೂರ ಹೋದ ಮೇಲೆ ಕಾಣಿಸ್ಕೊಳ್ಳೋದಾದ್ರೆ, ನೀವು ಮಿಲ್ನೆ ಪ್ರಿಡಿಕ್ಟರ್-ಕರೆಕ್ಟರ್ (ಹಿಂದಿನ ಬೆಲೆಗಳಿಂದ ಮುಂದಿನದನ್ನ ಮೊದಲು ಅಂದಾಜು ಮಾಡಿ ಆಮೇಲೆ ತಿದ್ದೋ ಮೆಥಡ್) ಬಳಸ್ತಿದ್ದೀರ ಅನ್ನೋ ಅನುಮಾನ ನಂಗೆ. ನಮ್ಮ ವಿಟಿಯು ಮ್ಯಾಥ್ಸ್ ಸಿಲಬಸ್ಸಲ್ಲಿ ಮಿಲ್ನೆ ಇದೆ, ಎಕ್ಸಾಮಲ್ಲಿ ನಾಲ್ಕು ಬೆಲೆ ಕೊಟ್ಟು ಐದನೇದು ಕಂಡುಹಿಡಿ ಅಂತಾರೆ, ಒಂದು ಸ್ಟೆಪ್ಪಿಗೆ ಏನೂ ಕಾಣಲ್ಲ, ಉತ್ತರ ಚೆನ್ನಾಗೇ ಬರತ್ತೆ. ಅದನ್ನೇ ಲೂಪಲ್ಲಿ ಹಾಕಿ ವೈ' = −ವೈ ಗೆ ದೂರ ಓಡಿಸಿದ್ರೆ ನಿಜವಾದ ಉತ್ತರ ಸೊನ್ನೆಗೆ ಹೋಗ್ತಾ ಇದ್ರೂ ಅದರ ಪಕ್ಕದಲ್ಲಿ ಒಂದು ಕಳ್ಳ ಉತ್ತರ ಪ್ಲಸ್ ಮೈನಸ್ ಅಂತ ಕುಣೀತಾ ನಿಧಾನಕ್ಕೆ ಬೆಳೆಯತ್ತೆ, ಕೊನೆಗೆ ಅದೇ ಉಳಿಯತ್ತೆ. ಅದರ ಕರೆಕ್ಟರ್ ಸಿಂಪ್ಸನ್ ರೂಲ್ ಆಗಿರೋದ್ರಿಂದ ಬಂದ ಹುಟ್ಟುಗುಣ ಅದು, ಕೋಡಲ್ಲಿ ಎಷ್ಟ್ ಹುಡುಕಿದ್ರೂ ತಪ್ಪು ಸಿಗಲ್ಲ. ಪ್ರಿಡಿಕ್ಟರ್-ಕರೆಕ್ಟರ್ರೇ ಬೇಕು ಅಂದ್ರೆ ಆಡಮ್ಸ್-ಬ್ಯಾಶ್‌ಫೋರ್ತ್ ಬಳಸಿ, ಅದಕ್ಕೆ ಈ ಚಾಳಿ ಇಲ್ಲ. ಮಿಲ್ನೆಯನ್ನ ಎಕ್ಸಾಮಿಗೆ ಇಟ್ಕೊಳ್ಳಿ.

ಓಡ್ತಾನೇ ಇದೆ, ಮುಗೀತಾನೇ ಇಲ್ಲ

ಸಾಲ್ವ್_ಐವಿಪಿ ತರಹದ್ದು ಸ್ಟೆಪ್ಪನ್ನ ತಾನೇ ಆರಿಸ್ಕೊಳ್ಳತ್ತೆ, ಹಾಗಾಗಿ ಅಲ್ಲಿ ಉತ್ತರ ಸ್ಫೋಟ ಆಗಲ್ಲ, ಬದಲಿಗೆ ಪ್ರೋಗ್ರಾಂ ಕೂತುಬಿಡತ್ತೆ. ಕಂಟ್ರೋಲ್-ಸಿ ಒತ್ತೋ ಮುಂಚೆ ಒಂದು ಕೆಲಸ ಮಾಡಿ. ಟಿ ರೇಂಜ್ ತುಂಬಾ ಚಿಕ್ಕದು ಮಾಡಿ ಓಡಿಸಿ, ಉತ್ತರದಲ್ಲಿ ಎನ್‌ಎಫ್‌ಇವಿ ಅಂತ ಇರತ್ತೆ, ನಿಮ್ಮ ಫಂಕ್ಷನ್ ಎಷ್ಟು ಸಲ ಕರೆದಿದೆ ಅನ್ನೋ ಲೆಕ್ಕ, ಅದನ್ನ ಬರೆದಿಟ್ಕೊಳ್ಳಿ. ಆಮೇಲೆ ಆರ್‌ಟಾಲ್ ಅನ್ನ (ಬೆಲೆಯ ಎಷ್ಟನೇ ಪಾಲು ಎರರ್ ಇದ್ರೆ ಒಪ್ಬೇಕು ಅನ್ನೋ ಮಿತಿ) 10⁻³ರಿಂದ 10⁻⁶ಕ್ಕೆ ಬಿಗಿ ಮಾಡಿ ಮತ್ತೆ ಓಡಿಸಿ. ಮಾಮೂಲಿ ಈಕ್ವೇಶನ್ ಆದ್ರೆ ಎನ್‌ಎಫ್‌ಇವಿ ಹಲವು ಪಟ್ಟು ಏರತ್ತೆ, ಜಾಸ್ತಿ ನಿಖರತೆಗೆ ಜಾಸ್ತಿ ಕೆಲಸ. ಹೆಚ್ಚುಕಮ್ಮಿ ಅಷ್ಟೇ ಇದ್ರೆ ಸ್ಟೆಪ್ ಸಣ್ಣದಾಗ್ತಿರೋದು ನಿಖರತೆಗಲ್ಲ, ಸಿಡಿಯದೇ ಇರೋಕೆ ಅಂತ ಅರ್ಥ. ಅಂಥ ಈಕ್ವೇಶನ್ನಿಗೇ ಸ್ಟಿಫ್ ಅನ್ನೋದು. 1952ರಲ್ಲಿ ಕರ್ಟಿಸ್ ಮತ್ತು ಹಿರ್ಶ್‌ಫೆಲ್ಡರ್ ಕೆಮಿಕಲ್ ರಿಯಾಕ್ಷನ್ ಲೆಕ್ಕದಲ್ಲಿ ಇದನ್ನ ಕಂಡು ಹೆಸರಿಟ್ಟು ಬರೆದರು.

ವೈ' = −1000·(ವೈ − ಕಾಸ್ ಟಿ) ನೋಡಿ. ಉತ್ತರ ಶುರುವಿನ ಚಣ ಬಿಟ್ರೆ ಸುಮ್ನೆ ಕಾಸ್ ಟಿ ಥರ ನಯವಾಗಿ ಹೋಗತ್ತೆ, ಅದನ್ನ ಹಿಡಿಯೋಕೆ ದೊಡ್ಡ ಸ್ಟೆಪ್ಪೇ ಸಾಕು. ಆದ್ರೆ ಸಾಲ್ವ್_ಐವಿಪಿಯ ಡಿಫಾಲ್ಟ್ ಮೆಥಡ್ ಆರ್‌ಕೆ45ಗೆ ಎಚ್ ಗುಣಿಸು 1000 ಅನ್ನೋದು 3.3ರ ಒಳಗಿರ್ಲೇಬೇಕು. ಟಿ = 100 ತನಕ ಹೋಗೋಕೆ 30 ಸಾವಿರ ಸ್ಟೆಪ್, ಪ್ರತಿ ಸ್ಟೆಪ್ಪಿಗೆ ಆರು ಸಲ ಫಂಕ್ಷನ್, ಒಂದೂಮುಕ್ಕಾಲು ಲಕ್ಷ ದಾಟತ್ತೆ. ಮೆಥಡ್ ಜಾಗದಲ್ಲಿ ಸ್ಟಿಫ್ ಈಕ್ವೇಶನ್‌ಗೇ ಅಂತ ಇರೋ ರಾಡಾವ್ ಅಂತಾನೋ ಬಿಡಿಎಫ್ ಅಂತಾನೋ ಬರೆದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಮುಗಿಯತ್ತೆ. ಸ್ಟಿಫ್ ಹೌದೋ ಅಲ್ವೋ ಗೊತ್ತಿಲ್ಲ, ತಲೆಕೆಡಿಸ್ಕೊಳ್ಳೋಕೆ ಪುರುಸೊತ್ತಿಲ್ಲ ಅನ್ನೋರಿಗೆ ಎಲ್‌ಎಸ್‌ಒಡಿಎ ಇದೆ, ತಾನೇ ಪತ್ತೆ ಮಾಡಿ ಮೆಥಡ್ ಬದಲಾಯಿಸ್ಕೊಳ್ಳತ್ತೆ, ಓಡಿಇಂಟ್ ಒಳಗೆ ಇರೋದೂ ಅದೇ. ಮ್ಯಾಟ್‌ಲ್ಯಾಬಲ್ಲಾದ್ರೆ ಓಡಿಇ45 ಬದಲು ಓಡಿಇ15ಎಸ್.

ಜಾಕೋಬಿಯನ್ (ಪ್ರತಿ ಈಕ್ವೇಶನ್ನಿಗೂ ಪ್ರತಿ ವೇರಿಯಬಲ್ಲಿನ ಡೆರಿವೇಟಿವ್ ಬರೆದ ಪಟ್ಟಿ) ನೀವೇ ಬರೆದು ಕೊಟ್ಟಿದ್ದು ರಾಡಾವ್ ಕೂಡ ತೆವಳ್ತಿದೆ ಅಂದ್ರೆ ಆ ಜಾಕೋಬಿಯನ್ ತೆಗೆದು ಓಡಿಸಿ ನೋಡಿ. ಜಾಕೋಬಿಯನ್ ತಪ್ಪಿದ್ರೆ ಸಾಮಾನ್ಯವಾಗಿ ಉತ್ತರ ತಪ್ಪಾಗಲ್ಲ, ಒಳಗಿನ ನ್ಯೂಟನ್ ಇಟರೇಶನ್ ಸರಿಯಾಗಿ ಸೇರ್ದೆ ಸ್ಟೆಪ್ ಕಡಿಮೆ ಮಾಡ್ತಾ ಹೋಗತ್ತೆ, ಅಷ್ಟೇ. ತೆಗೆದಾಗ ವೇಗ ಬಂತು ಅಂದ್ರೆ ನಿಮ್ಮ ಡಿಫರೆನ್ಷಿಯೇಶನ್ ತಪ್ಪು.

ಎನ್‌ಎಎನ್ ಬರ್ತಿದೆ

ಓವರ್‌ಹೆಡ್ ಟ್ಯಾಂಕ್ ತಳದಲ್ಲಿ ತೂತು, ನೀರು ಖಾಲಿ ಆಗೋ ಲೆಕ್ಕ. ಟೊರಿಚೆಲ್ಲಿ ನಿಯಮದ ಪ್ರಕಾರ ಮಟ್ಟ ಇಳಿಯೋ ವೇಗ ಮಟ್ಟದ ವರ್ಗಮೂಲಕ್ಕೆ ತಕ್ಕ ಹಾಗೆ. ಟ್ಯಾಂಕ್ ಒಂದು ಮೀಟರ್ ವ್ಯಾಸ, ತೂತು 2 ಸೆಂಟಿಮೀಟರ್, ನೀರು ಒಂದು ಮೀಟರ್ ಇದ್ರೆ (ತೂತಲ್ಲಿ ಧಾರೆ ಸಣ್ಣಗಾಗೋದನ್ನ ಲೆಕ್ಕಕ್ಕೆ ತಗೊಳ್ದೇ) 1129 ಸೆಕೆಂಡಿಗೆ ಖಾಲಿ, ಹತ್ತೊಂಬತ್ತು ನಿಮಿಷ ಅನ್ಕೊಳ್ಳಿ. ಪ್ರೋಗ್ರಾಂ ಸುಮಾರು ಅಲ್ಲೀತನಕ ಚೆನ್ನಾಗೇ ಬಂದು ಆಮೇಲೆ ಎನ್‌ಎಎನ್ (ನಾಟ್ ಎ ನಂಬರ್, ಲೆಕ್ಕಕ್ಕೆ ಸಿಗದ ಬೆಲೆ) ತುಂಬಿಸ್ತಿದ್ರೆ ಅಥವಾ ಅಲ್ಲೇ ಸಿಕ್ಕಾಕ್ಕೊಂಡ್ರೆ ಕಾರಣ ಸರಳ, ಕೊನೇ ಸ್ಟೆಪ್ಪಲ್ಲಿ ಮಟ್ಟ ಸೊನ್ನೆಗಿಂತ ಒಂಚೂರು ಕೆಳಗೆ ಹೋಯ್ತು, ನೆಗೆಟಿವ್ ನಂಬರಿನ ವರ್ಗಮೂಲ ಕೇಳಿದ್ರಿ. ವರ್ಗಮೂಲದ ಒಳಗೆ ಮಟ್ಟ ಮತ್ತು ಸೊನ್ನೆಯಲ್ಲಿ ಯಾವ್ದು ದೊಡ್ಡದೋ ಅದನ್ನ ಹಾಕಿದ್ರೆ ಎನ್‌ಎಎನ್ ನಿಲ್ಲತ್ತೆ, ಖಾಲಿ ಆದ ಹೊತ್ತೂ ಬೇಕು ಅಂದ್ರೆ ಅದ್ರ ಜೊತೆಗೆ ಇವೆಂಟ್ (ಮಟ್ಟ ಸೊನ್ನೆ ದಾಟಿದ್ದನ್ನ ಪತ್ತೆ ಮಾಡೋದು) ಹಾಕಿ ಟರ್ಮಿನಲ್ ಮಾಡಿ, ಅಂದ್ರೆ ಅಲ್ಲೇ ನಿಲ್ಲೋ ಹಾಗೆ. ಬರೀ ಇವೆಂಟ್ ಹಾಕಿದ್ರೆ ಸಾಲಲ್ಲ, ಯಾಕಂದ್ರೆ ಗೆರೆ ದಾಟಿದ ಮೇಲೇನೇ ಇವೆಂಟ್ ಪತ್ತೆ ಆಗೋದು, ದಾಟೋವಾಗ ಫಂಕ್ಷನ್ ಒಂದಾದ್ರೂ ಸಲ ನೆಗೆಟಿವ್ ಕಡೆ ಕಾಲಿಡ್ಲೇಬೇಕು.

ಎನ್‌ಎಎನ್ ಬಂದಾಗ ಕೊನೇ ಸಾಲು ನೋಡ್ತಾ ಕೂರ್ಬೇಡಿ, ಮೊದಲ ಎನ್‌ಎಎನ್ ಯಾವ ಟಿಯಲ್ಲಿ ಬಂತು, ಅದರ ಹಿಂದಿನ ಬೆಲೆ ಏನಿತ್ತು ನೋಡಿ. ಹಿಂದಿನ ಬೆಲೆ ಸೊನ್ನೆ ಹತ್ರ ಇದ್ರೆ ವರ್ಗಮೂಲ, ಲಾಗ್, ಭಾಗಾಕಾರ. ಹಿಂದಿನ ಬೆಲೆ ಹತ್ತರ ಘಾತ ಮುನ್ನೂರರ ಹತ್ರ ಇದ್ರೆ ಸ್ಫೋಟ, ಮೇಲಿನ ಕುಣಿತದ ಭಾಗಕ್ಕೆ ಹೋಗಿ.

ಪಂಪ್ ಆನ್ ಆಗಿದ್ದೇ ಸಾಲ್ವರಿಗೆ ಗೊತ್ತಾಗ್ಲಿಲ್ಲ

ಇದು ನಂಗೆ ಎಲ್ಲದಕ್ಕಿಂತ ಕಿರಿಕಿರಿ ಅನ್ಸೋ ದೋಷ, ಯಾಕಂದ್ರೆ ಸಕ್ಸೆಸ್ ಟ್ರೂ ಅಂತ ಬರತ್ತೆ. ವೈ' = −ವೈ + ಪಂಪ್, ವೈ(0) = 0, ಪಂಪ್ 50ನೇ ಗಂಟೆಯಿಂದ 50.5 ತನಕ ಮಾತ್ರ 1, ಉಳಿದಾಗ 0. 100 ಗಂಟೆ ತನಕ ಸಾಲ್ವ್_ಐವಿಪಿಗೆ ಕೊಡಿ, ಡಿಫಾಲ್ಟ್ ಸೆಟ್ಟಿಂಗ್. ಉತ್ತರ ಪೂರ್ತಿ ಸೊನ್ನೆ. 50.5ರಲ್ಲಿ 0.393 ಇರ್ಬೇಕಿತ್ತು.

ಒಳಗೆ ನಡೆಯೋದು ಹೀಗೆ. ಶುರುವಲ್ಲಿ ಎಲ್ಲಾ ಸೊನ್ನೆ, ಎರರ್ ಸೊನ್ನೆ, ಸಾಲ್ವರ್ ಖುಷಿಯಾಗಿ ಪ್ರತಿ ಸಲ ಸ್ಟೆಪ್ಪನ್ನ ಹತ್ತು ಪಟ್ಟು ಮಾಡ್ತಾ ಹೋಗತ್ತೆ, 10⁻⁶ರಿಂದ ಶುರುವಾಗಿ 0.1, 1, 10. ಅಷ್ಟೊತ್ತಿಗೆ ಟಿ 11.1 ಆಗಿರತ್ತೆ, ಮುಂದಿನ ಒಂದೇ ನೆಗೆತ ಸುಮಾರು 89 ಗಂಟೆ, ಸೀದಾ 100ಕ್ಕೆ. ಆ ನೆಗೆತದ ಮಧ್ಯೆ ಅದು ಇಣುಕಿ ನೋಡೋದು 28.9, 37.8, 82.2, 90.1 ಇಂಥ ಜಾಗಗಳಲ್ಲಿ, 50ರ ಅರ್ಧ ಗಂಟೆ ಅದ್ರ ಕಣ್ಣಿಗೇ ಬೀಳಲ್ಲ. ಟಿ_ಇವ್ಯಾಲ್‌ನಲ್ಲಿ (ಯಾವ ಯಾವ ಟಿಯಲ್ಲಿ ಉತ್ತರ ಬೇಕು ಅನ್ನೋ ಪಟ್ಟಿ) ಸಾವಿರ ಬಿಂದು ಕೊಟ್ಟಿದ್ದೀನಲ್ಲ ಅಂತ ಕೇಳ್ತಾರೆ, ಟಿ_ಇವ್ಯಾಲ್ ಸ್ಟೆಪ್ ಬದಲಾಯಿಸಲ್ಲ, ಆದ ಮೇಲೆ ಮಧ್ಯದ ಬೆಲೆ ತುಂಬಿಸಿ ಕೊಡತ್ತೆ ಅಷ್ಟೇ. ಮ್ಯಾಕ್ಸ್_ಸ್ಟೆಪ್ 0.1 ಅಂತ ಕಟ್ಟಿಹಾಕಿದ್ರೆ ಸಿಗತ್ತೆ, ಆದ್ರೆ 100 ಗಂಟೆ ಪೂರ್ತಿ ಸುಮ್ನೆ ಸಾವಿರ ಸ್ಟೆಪ್ ದಂಡ. ಮೂರು ತುಂಡು ಮಾಡೋದೇ ಸರಿ ದಾರಿ, 0ರಿಂದ 50, 50ರಿಂದ 50.5, ಅಲ್ಲಿಂದ 100, ಒಂದರ ಕೊನೇ ಬೆಲೆ ಇನ್ನೊಂದರ ಶುರುವಿನ ಬೆಲೆ. ಔಷಧಿ ಡೋಸ್, ಸ್ವಿಚ್, ವಾಲ್ವ್, ಟೈಮ್ ಗೊತ್ತಿರೋ ಯಾವ್ದೇ ಧಿಡೀರ್ ಬದಲಾವಣೆಗೆ ಹೀಗೇ ಮಾಡಿ.

ಅಂದ ಹಾಗೆ ಗ್ರಾಫ್ ಕರ್ವ್ ಬದಲು ಮೂಲೆಮೂಲೆಯಾಗಿ ಬಂದ್ರೆ ಅದು ದೋಷ ಅಲ್ಲ, ಸಾಲ್ವರ್ ದೊಡ್ಡ ಸ್ಟೆಪ್ ಹಾಕಿದೆ, ಬಿಂದು ಕಮ್ಮಿ ಇದೆ. ಅಲ್ಲಿ ಟಿ_ಇವ್ಯಾಲ್ ಕೊಡಿ.

ಓಡಿಇಂಟ್‌ನಿಂದ ಬದಲಾಯಿಸಿದ ಮೇಲೆ ಉತ್ತರ ಸ್ವಲ್ಪ ಬೇರೆ ಬರ್ತಿದೆ

ಡಿಫಾಲ್ಟ್ ಟಾಲರೆನ್ಸ್ ಬೇರೆ ಬೇರೆ. ಓಡಿಇಂಟ್‌ದು ಎರಡೂ ಸುಮಾರು 1.5×10⁻⁸, ಸಾಲ್ವ್_ಐವಿಪಿದು ಆರ್‌ಟಾಲ್ 10⁻³, ಎಟಾಲ್ (ಬೆಲೆ ಎಷ್ಟೇ ಇರ್ಲಿ ಒಪ್ಪೋ ಎರರ್) 10⁻⁶, ಮ್ಯಾಟ್‌ಲ್ಯಾಬ್ ಓಡಿಇ45ದೂ ಇದೇ. ಸಾವಿರದಲ್ಲೊಂದು ಅನ್ನೋದು ಪ್ರತಿ ಸ್ಟೆಪ್ಪಿನ ಲೆಕ್ಕ, ಕೊನೇ ಉತ್ತರಕ್ಕೆ ಕೊಟ್ಟ ಗ್ಯಾರಂಟಿ ಅಲ್ಲ, ಗ್ರಹ ಸುತ್ತೋ ಲೆಕ್ಕದಂಥ ದೂರದ ಓಟಕ್ಕೆ ಇದು ಸಾಲ್ದೇ ಸಾಲ್ದು. ಏನೇ ಆಗ್ಲಿ ಎರಡು ಟಾಲರೆನ್ಸಲ್ಲಿ ಓಡಿಸಿ ಎಷ್ಟು ಅಂಕಿ ಹೊಂದತ್ತೋ ಅಷ್ಟನ್ನ ಮಾತ್ರ ನಂಬಿ.

ಎಟಾಲ್ ಬಗ್ಗೆ ಜನ ಯೋಚ್ನೇನೇ ಮಾಡಲ್ಲ. 1966ರ ರಾಬರ್ಟ್‌ಸನ್ ರಿಯಾಕ್ಷನ್ ಪ್ರಾಬ್ಲಮ್ ಸ್ಟಿಫ್ ಸಾಲ್ವರ್‌ಗಳಿಗೆಲ್ಲ ಅಗ್ನಿಪರೀಕ್ಷೆ ಇದ್ದ ಹಾಗೆ, ಮೂರು ವಸ್ತು, ರೇಟ್ 0.04, 10⁴, 3×10⁷. ಎರಡನೇ ವಸ್ತು ಎಷ್ಟೇ ಏರಿದ್ರೂ 3.6×10⁻⁵ ಹತ್ರ ನಿಲ್ಲತ್ತೆ, ಆಮೇಲೆ ಬರೀ ಇಳಿತ. 10⁻⁶ ಎಟಾಲ್ ಇಟ್ರೆ ಆ ವಸ್ತು ಇಳೀತಾ ಹೋದ ಹಾಗೆ ಅದರ ಬೆಲೇನೇ ಎರರ್ ಮಿತಿಯೊಳಗೆ ಮುಳುಗಿಹೋಗತ್ತೆ, ಸಾಲ್ವರ್ ಅದನ್ನ ಗಮನಿಸೋದೇ ಇಲ್ಲ. ಎಟಾಲ್‌ಗೆ ಒಂದೇ ನಂಬರ್ ಬದಲು ಪಟ್ಟಿ ಕೊಡ್ಬಹುದು, ಎರಡನೇದಕ್ಕೆ 10⁻¹⁰ ಥರ ಕೊಡಿ. ಜೊತೆಗೆ ಮೂರನ್ನೂ ಕೂಡಿಸಿದ್ರೆ ಯಾವಾಗ್ಲೂ 1 ಇರ್ಬೇಕು, ಅದನ್ನೂ ಪ್ರಿಂಟ್ ಮಾಡಿ, ಆದ್ರೆ ಮೊತ್ತ ಸರಿ ಇದೆ ಅಂತ ಒಂದೊಂದೂ ಸರಿ ಅನ್ಕೊಳ್ಬೇಡಿ. ಮೊತ್ತ ತಪ್ಪಿದ್ರೆ ಮಾತ್ರ ಈಕ್ವೇಶನ್ ಟೈಪ್ ಮಾಡೋವಾಗ ಎಲ್ಲೋ ಒಂದು ಟರ್ಮ್‌ನ ಸೈನ್ ತಪ್ಪಿದೆ.

ಎಲ್ಲಾ ನೋಡಿದೆ, ಕೋಡಲ್ಲಿ ಏನೂ ಇಲ್ಲ

ಹಾಗಾದ್ರೆ ಪೇಪರ್ ತಗೊಳ್ಳಿ. ವೈ' = ವೈ², ವೈ(0) = 1. ಉತ್ತರ 1/(1 − ಟಿ), ಟಿ = 1ರಲ್ಲಿ ಅನಂತಕ್ಕೆ ಹೋಗತ್ತೆ, ಆಚೆಗೆ ಉತ್ತರಾನೇ ಇಲ್ಲ. ಆಯ್ಲರ್‌ಗೆ ಇದು ಗೊತ್ತಿಲ್ಲ, ಎಚ್ = 0.1ಕ್ಕೆ ಟಿ = 1ರಲ್ಲಿ 6.13 ಅಂತ ಧೈರ್ಯವಾಗಿ ಹೇಳತ್ತೆ, ಎಚ್ = 0.01 ಮಾಡಿದ್ರೆ 30ರ ಆಸುಪಾಸು, ಇನ್ನೂ ಸಣ್ಣದು ಮಾಡಿದ್ರೆ ಇನ್ನೂ ದೊಡ್ಡದು. ಸಾಲ್ವ್_ಐವಿಪಿ ಪರವಾಗಿಲ್ಲ, ಟಿ = 2 ತನಕ ಹೋಗು ಅಂದ್ರೆ 1ರ ಹತ್ರ ನಿಂತು ಸ್ಟೇಟಸ್ −1 ಕೊಡತ್ತೆ, ಬೇಕಾಗಿರೋ ಸ್ಟೆಪ್ ಎರಡು ನಂಬರ್‌ಗಳ ಮಧ್ಯದ ಅಂತರಕ್ಕಿಂತ ಚಿಕ್ಕದು ಅಂತ ಮೆಸೇಜ್. ಆ ಮೆಸೇಜ್ ನೋಡಿದ ಕೂಡ್ಲೇ ಟಾಲರೆನ್ಸ್ ಸಡಿಲ ಮಾಡೋಕೆ ಹೋಗ್ಬೇಡಿ, ಕೊನೇ ಟಿ ಎಷ್ಟಿತ್ತು ನೋಡಿ, ಟಾಲರೆನ್ಸ್ ಬದಲಾಯಿಸಿದ್ರೂ ಅದೇ ಜಾಗದಲ್ಲಿ ನಿಂತ್ರೆ ಅಲ್ಲಿ ನಿಜವಾಗ್ಲೂ ಗೋಡೆ ಇದೆ. ಸಕ್ಸೆಸ್ ನೋಡ್ದೇ ಸೀದಾ ಪ್ಲಾಟ್ ಮಾಡೋರಿಗೆ ಇದು ಗೊತ್ತೇ ಆಗಲ್ಲ, ಗ್ರಾಫ್ ಅರ್ಧಕ್ಕೆ ನಿಂತಿರತ್ತೆ.

ಇನ್ನೊಂದು ಥರದ್ದು ವೈ' = 3·ವೈ^(2/3), ವೈ(0) = 0. ಇದಕ್ಕೆ ವೈ = 0 ಕೂಡ ಉತ್ತರ, ವೈ = ಟಿ³ ಕೂಡ ಉತ್ತರ. ಶುರುವಿನ ಬೆಲೆ 0 ಕೊಟ್ರೆ ಯಾವ ಸಾಲ್ವರ್ರೂ ಅಲ್ಲಾಡಲ್ಲ, 10⁻¹² ಕೊಟ್ರೆ ಟಿ³ ಹಿಡ್ಕೊಂಡು ಹೊರಡತ್ತೆ. ಇಬ್ಬರು ಇಬ್ಬರ ಕೋಡಲ್ಲಿ ತಪ್ಪು ಹುಡುಕ್ತಾ ಕೂತ್ಕೋಬಹುದು, ಇಬ್ಬರದ್ದೂ ಸರಿ. ಸೊನ್ನೆ ಹತ್ರ ಇಳಿಜಾರು ಲಿಪ್‌ಶಿಟ್ಜ್ ಷರತ್ತು (ವೈ ಒಂಚೂರು ಬದಲಾದ್ರೆ ಇಳಿಜಾರು ಒಂದು ಮಿತಿಯೊಳಗೇ ಬದಲಾಗ್ಬೇಕು ಅನ್ನೋದು) ಮುರಿಯೋದ್ರಿಂದ ಒಂದೇ ಉತ್ತರ ಅನ್ನೋ ಗ್ಯಾರಂಟಿ ಇಲ್ಲ. ಯಾವ್ದು ಬೇಕು ಅಂತ ನಿಮ್ಮ ಫಿಸಿಕ್ಸ್ ಹೇಳ್ಬೇಕು, ಸಾಲ್ವರ್ ಹೇಳಲ್ಲ.

ಹವಾಮಾನ ವಿಜ್ಞಾನಿ ಲೊರೆಂಜ್ 1963ರಲ್ಲಿ ಬರೆದ, ಕೇಯಾಸ್ ತೋರಿಸೋ ಮೂರು ಈಕ್ವೇಶನ್ ಥರದ್ದಾದ್ರೆ ಮೇಲಿನ ಎಚ್ ಅರ್ಧ ಮಾಡೋ ಪರೀಕ್ಷೆ ದೂರದ ಟಿಯಲ್ಲಿ ಸೋಲತ್ತೆ. ಟಾಲರೆನ್ಸ್ ಒಂಚೂರು ಬದಲಾಯಿಸಿದ್ರೂ ಎರಡು ಓಟ ಸ್ವಲ್ಪ ಹೊತ್ತು ಜೊತೆಗಿದ್ದು ಆಮೇಲೆ ಪೂರ್ತಿ ಬೇರೆ ದಾರಿ ಹಿಡೀತವೆ, ಕೋಡ್ ಸರಿ ಇದ್ರೂ ಹೀಗೇ. ಅಲ್ಲಿ ಪರೀಕ್ಷೆಯನ್ನ ಚಿಕ್ಕ ಟಿಯಲ್ಲಿ ಮಾಡಿ, ಎರಡು ಓಟ ಬೇರೆಯಾಗೋ ಮುಂಚಿನ ಭಾಗದಲ್ಲಿ ಎರರ್ ಪಟ್ಟು ಸರಿಯಾಗಿ ಇಳೀತಿದ್ರೆ ಕೋಡನ್ನ ಬಿಟ್ಟುಬಿಡಿ.